ಕರೆದರೆ ಬಾರದ ನಾಯಿ, ಕರೆಯಲು ಬಾರದ ನಾವು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಕಲ್ಲುಗಳಲ್ಲಿ ಒಂದು ನಾಯಿಯದ್ದು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ, ಕ್ರಿ.ಶ. 949–50ರ ಆ ವೀರಗಲ್ಲಿನ ಮೇಲೆ ಹಂದಿಯೊಂದಿಗೆ ಸೆಣಸುತ್ತಿರುವ ನಾಯಿಯನ್ನು ಕೆತ್ತಿದ್ದಾರೆ. ಅದರ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ದೊರೆ ಬೂತುಗ, ತನ್ನ ಕಡೆಯ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೋ ಕೇಳು ಎಂದನಂತೆ. ಮಣಲೇರ ಈ ನಾಯಿಯನ್ನು ಬೇಡಿ ಪಡೆದ. ಮುಂದೆ ಬೆಳತೂರಿನ ಬೆಟ್ಟದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೇ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಹಂದಿಯ ಕೋರೆ ಕಂಡು ಮಣಲೇರ ‘ಬಾ’ ಎಂದು ಕೂಗಿ, ಕಾಳಿ ತಿರುಗಿ ಬಂದಿದ್ದರೆ ಈ ಕಲ್ಲೇ ಇರುತ್ತಿರಲಿಲ್ಲ. ಸಾವಿರ ವರ್ಷದ ಹಿಂದೆ ನಾಯಿಗೆ ಕೀರ್ತಿ ಬಂದದ್ದು ಹಿಂತಿರುಗಿ ನೋಡದ್ದಕ್ಕೆ. ಇವತ್ತು ಮಲ್ಲೇಶ್ವರದ ಫ್ಲ್ಯಾಟಿನಲ್ಲಿ ಬೆಳೆಯುವ ನಾಯಿಯಿಂದ ನಾವು ಕೇಳುವುದು ಸರಿಯಾಗಿ ಇದರ ಉಲ್ಟಾ: ಮುಂದೆ ಬೆಕ್ಕಿರಲಿ, ಅಳಿಲಿರಲಿ, ಯಾರೋ ಎಸೆದ ಮೂಳೆಯಿರಲಿ, ಕರೆದ ತಕ್ಷಣ ಎಲ್ಲ ಬಿಟ್ಟು ಬರಬೇಕು. ಬೇಟೆಗೆಂದು ಹತ್ತಾರು ಶತಮಾನ ಬೆಳೆಸಿದ ಪ್ರಾಣಿಯಿಂದ ಕೇಳುವ ಈ ವರ ಸಣ್ಣದೇನಲ್ಲ. ಆದರೆ ಅದನ್ನು ನಾವು ಪುಕ್ಕಟೆಯಾಗಿ ಸಿಗಬೇಕಾದ ಹಕ್ಕು ಎಂದುಕೊಂಡಿದ್ದೇವೆ.

ನಮ್ಮ ಭಾಷೆಯನ್ನೇ ನೋಡಿ. ನಾಯಿಯನ್ನು ಯಾರ ಮೇಲಾದರೂ ಬಿಡಲು ಕನ್ನಡದಲ್ಲಿ ‘ಛೂ’ ಇದೆ. ರಾಜಕೀಯ ವರದಿಗಳಲ್ಲಿ ಇವತ್ತಿಗೂ ಯಾರೋ ಯಾರನ್ನೋ ಛೂ ಬಿಡುತ್ತಲೇ ಇರುತ್ತಾರೆ. ಅಟ್ಟಲು ‘ಹಚಾ’ ಇದೆ. ಎರಡೂ ನಾಯಿಗೆಂದೇ ಮೀಸಲಾದ ಸದ್ದುಗಳು, ಎರಡಕ್ಕೂ ಇರುವುದು ಒಂದೊಂದೇ ಅರ್ಥ. ಕರೆಯಲು ಮಾತ್ರ ಊರಿಗೊಂದು ಬಗೆಯ ಲೊಚಗುಟ್ಟುವಿಕೆ. ನಾಯಿ ಹಿತ್ತಿಲಿನಿಂದ ಹಾಲಿಗೆ ಬಂದ ಮೇಲೆ ಉಳಿದದ್ದು ಮಕ್ಕಳಿಗೂ ದನಕ್ಕೂ ಹೂವಿನವಳಿಗೂ ಹೇಳುವ ‘ಬಾ’. ಒಂದು ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಈ ಅಕ್ಷರ ಕೇಳುತ್ತದೆ ಎಂದು ಎಣಿಸಿದರೆ, ಅದು ನಾಯಿಯ ಕಿವಿಗೆ ಫ್ಯಾನಿನ ಸದ್ದಿನಷ್ಟೇ ಎನ್ನುವುದು ತಿಳಿಯುತ್ತದೆ. ಇದರ ಮೇಲೆ, ಅಜ್ಜಿ ‘ಬಾರೋ’ ಎಂದರೆ ಮೊಮ್ಮಗ ‘ಕಮ್ ಹಿಯರ್’ ಎನ್ನುತ್ತಾನೆ, ಕೆಲಸದಾಕೆ ತಮಿಳಿನಲ್ಲಿ ‘ವಾ’ ಎನ್ನುತ್ತಾಳೆ. ಮೂರೂ ಒಂದೇ ಮಾತು ಎಂದು ನಾಯಿಗೆ ಯಾರೂ ಹೇಳಿಲ್ಲ. ಇಷ್ಟಾಗಿಯೂ ಅದು ಬಾರದಿದ್ದಾಗ ನಮ್ಮ ನಾಲಿಗೆಗೆ ಗಾದೆ ಸಿದ್ಧವಾಗಿರುತ್ತದೆ: ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಗಾದೆ ತಪ್ಪನ್ನು ನಾಯಿಯ ಮೇಲೆ ಹಾಕುತ್ತದೆ. ಈ ಲೇಖನದ ವಾದ ಅದಕ್ಕೆ ವಿರುದ್ಧ. ಕರೆದರೆ ಬರುವುದು ವಿಧೇಯತೆಯ ಪ್ರಶ್ನೆ ಎಂದುಕೊಂಡಿರುವುದರಿಂದಲೇ ನಾವು ಸೋಲುತ್ತಿದ್ದೇವೆ. ನಮ್ಮ ಕರೆಗೆ ಇಷ್ಟು ದಿನ ಎಂಥ ಬೆಲೆ ಇತ್ತು ಎಂಬುದರ ಮೇಲೆ ಅದು ನಿಂತಿದೆ.

ಮೊದಲು, ನಾಯಿಯ ಗಮನ ಸೆಳೆಯುವುದು ಏನು ಎಂದು ನೋಡೋಣ. ಮಲ್ಲೇಶ್ವರಂ 1890ರ ದಶಕದಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ; 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನ ಇಲ್ಲಿಗೆ ಬಂದರು. ಗಾಳಿ ಬೆಳಕು ಬೇಕೆಂದು ಅಗಲ ರಸ್ತೆ, ಮನೆಗೊಂದು ಕಾಂಪೌಂಡು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನ್. ಆ ಮನೆಗಳ ನಾಯಿಗೆ ಕಾಂಪೌಂಡೇ ರಾಜ್ಯ, ಗೇಟಿನ ಆಚೆಯದ್ದು ಬೊಗಳುವುದಕ್ಕೆ ಮಾತ್ರ. ಆ ಕಾಂಪೌಂಡುಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ನಾಯಿಗೆ ಹೊರಲೋಕ ಎಂದರೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಏನೇನಿದೆ! ಎಂಟನೇ ಕ್ರಾಸಿನ ಹೂವು ತರಕಾರಿಯ ಕಸ, ಹಿತ್ತಲ ಸಂದಿಯಲ್ಲಿ ರಾತ್ರಿ ಓಡಾಡಿದ ಹೆಗ್ಗಣದ ಜಾಡು, ಗೋಡೆಯ ಮೇಲಿನ ಬೆಕ್ಕು, ದರ್ಶಿನಿಯ ಹಿಂಬಾಗಿಲಿನ ಚಟ್ನಿಯ ವಾಸನೆ, ಕಸದ ಆಟೊ, ಕಾರ್ತಿಕದಲ್ಲಿ ಕಾಡು ಮಲ್ಲೇಶ್ವರನ ಗುಡಿಯ ಬಳಿ ಕಡಲೆಕಾಯಿ ಪರಿಷೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50–60 ಲಕ್ಷವಿದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ನಾವು ಖಾಲಿ ರಸ್ತೆ ಎನ್ನುವುದು ಅದಕ್ಕೆ ಬೆಳಗಿನ ಪತ್ರಿಕೆ. ಇದಕ್ಕೆಲ್ಲ ಕಿರೀಟವಿಟ್ಟಂತೆ ಬೀದಿನಾಯಿಗಳು. ಪಾಲಿಕೆಯ 2023ರ ಗಣತಿಯಲ್ಲಿ ಬೆಂಗಳೂರಿನಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು, 2019ರಲ್ಲಿ 3.10 ಲಕ್ಷ. ಸಂತಾನಹರಣದ ನಂತರ ಹಿಡಿದ ಜಾಗಕ್ಕೇ ತಂದು ಬಿಡಬೇಕೆಂಬುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮ. ಹಾಗಾಗಿ ಪ್ರತಿ ಕ್ರಾಸಿಗೂ ಕಾಯಂ ಯಜಮಾನರಿದ್ದಾರೆ. ಬೆಲ್ಟು ಹಾಕಿಕೊಂಡು ಹಾದುಹೋಗುವ ಲ್ಯಾಬ್ರಡಾರ್ ಅವರ ಸೀಮೆಗೆ ಬಂದ ಪರಕೀಯ. ನಾವು ಗಮನಭಂಗ ಎನ್ನುವುದೆಲ್ಲ ನಾಯಿಯ ಪಾಲಿಗೆ ಅದರ ದಿನದ ಬದುಕು. ಭಂಗ ತರುವವರು ನಾವು, ‘ಬಾ’ ಎಂದು ಕೂಗಿ.

ಇಂಥ ಗಮನಭಂಗಗಳ ಎಳೆತ ಎಷ್ಟು ಬಲವಾದದ್ದು ಎಂದು ಕಷ್ಟಪಟ್ಟು ಕಲಿತವರು ರಷ್ಯಾದ ಇವಾನ್ ಪಾವ್ಲೋವ್. ಗಂಟೆ, ಜೊಲ್ಲು ಎಂದರೆ ಎಲ್ಲರಿಗೂ ಅವರ ನೆನಪು. ಆ ಪ್ರಯೋಗ ಎಷ್ಟು ಸುಲಭವಾಗಿ ಕೆಡುತ್ತಿತ್ತು ಎಂಬುದು ಮಾತ್ರ ಶಾಲೆಯ ಪುಸ್ತಕಕ್ಕೆ ಬರಲಿಲ್ಲ. ಸಹಾಯಕ ತಿಂಗಳುಗಟ್ಟಲೆ ಕೂತು ನಾಯಿಗೆ ಪಾಠ ಕಲಿಸಿ, ನೋಡಿ ಬನ್ನಿ ಎಂದು ಗುರುವನ್ನು ಕರೆದರೆ, ಗುರು ಕೋಣೆಗೆ ಕಾಲಿಟ್ಟದ್ದೇ ತಡ, ಕಲಿತದ್ದೆಲ್ಲ ಮಾಯ. ನಾಯಿ ಬಂದವರ ಕಡೆ ಕಿವಿ ನಿಮಿರಿಸಿ ನಿಂತುಬಿಡುತ್ತಿತ್ತು. ಪಾವ್ಲೋವ್ ಇದಕ್ಕೆ ‘ಇದೇನಿದು’ ಎನ್ನುವ ಪ್ರತಿವರ್ತನೆ ಎಂದೇ ಹೆಸರಿಟ್ಟರು. ಹೊಸದು ಕಂಡಾಗ ಹಳೆಯ ಪಾಠ ತಾತ್ಕಾಲಿಕವಾಗಿ ಅಡಗುತ್ತದೆ, ಅಳಿದುಹೋಗುವುದಿಲ್ಲ ಎಂಬುದು ಅವರ ತೀರ್ಮಾನ. ಇದರಿಂದ ಬೇಸತ್ತು ಅವರು 1910ರ ಹೊತ್ತಿಗೆ ಪೀಟರ್ಸ್‌ಬರ್ಗಿನಲ್ಲಿ ಸದ್ದು ನುಸುಳದ ಒಂದು ಕಟ್ಟಡವನ್ನೇ ಕಟ್ಟಿಸಲು ತೊಡಗಿದರು. ಅದನ್ನು ಮೌನದ ಗೋಪುರ ಎಂದು ಕರೆಯುತ್ತಾರೆ. ನೊಬೆಲ್ ಪಡೆದ ವಿಜ್ಞಾನಿಗೇ ಗೋಡೆ ದಪ್ಪ ಮಾಡದೆ ನಾಯಿಯ ಗಮನ ಹಿಡಿದಿಡಲು ಆಗಲಿಲ್ಲ. ನಾವು ಹಾಲಿನಲ್ಲಿ ನಾಲ್ಕು ದಿನ ‘ಬಾ’ ಕಲಿಸಿ, ಐದನೇ ದಿನ ಸಂಪಿಗೆ ರಸ್ತೆಯ ಸಂಜೆಯಲ್ಲಿ ಪರೀಕ್ಷೆ ಇಡುತ್ತೇವೆ. ಹಾಲಿನಲ್ಲಿ ಕಲಿತ ಮಗ್ಗಿಯನ್ನು ಮಕ್ಕಳು ಸಂತೆಯಲ್ಲಿ ಹೇಳಬಲ್ಲರು. ನಾಯಿಗೆ ಜಾಗ ಬದಲಾದರೆ ಮಗ್ಗಿಯೇ ಬದಲಾದಂತೆ. ಪ್ರತಿ ಹೊಸ ಜಾಗದಲ್ಲಿ ಪಾಠವನ್ನು ಬಹುಮಟ್ಟಿಗೆ ಮೊದಲಿನಿಂದ ಹೇಳಿಕೊಡಬೇಕು ಎಂಬುದನ್ನು ಒಪ್ಪಿಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ.

ಇನ್ನು ಬೆಲೆಯ ಮಾತು. ಹಾರ್ವರ್ಡಿನ ರಿಚರ್ಡ್ ಹರ್ನ್‌ಸ್ಟೀನ್ 1961ರಲ್ಲಿ ಪಾರಿವಾಳಗಳ ಮುಂದೆ ಕುಕ್ಕಲು ಎರಡು ಗುಂಡಿಗಳನ್ನಿಟ್ಟರು. ಎರಡರಲ್ಲೂ ಕಾಳು ಸಿಗುತ್ತಿತ್ತು, ಆದರೆ ಪ್ರಮಾಣ ಬೇರೆ ಬೇರೆ. ಯಾವ ಗುಂಡಿಯಿಂದ ಎಷ್ಟು ಪಾಲು ಕಾಳು ಬಂದಿತೋ ಹೆಚ್ಚುಕಡಿಮೆ ಅದೇ ಪಾಲಿನಲ್ಲಿ ಹಕ್ಕಿಗಳು ಅದನ್ನು ಕುಕ್ಕಿದವು. ಪ್ರಾಣಿ ತನ್ನ ಹೊತ್ತನ್ನು ಗಳಿಕೆಗೆ ತಕ್ಕಂತೆ ಹಂಚುತ್ತದೆ. ನಮ್ಮ ನಾಯಿಯ ಎದುರಿಗೂ ಎರಡು ಗುಂಡಿಗಳಿವೆ: ಒಂದು ಬೀದಿ, ಇನ್ನೊಂದು ನಾವು. ಬೀದಿಯ ಗುಂಡಿ ಒತ್ತಿದರೆ ಪ್ರತಿ ಸಲವೂ ಏನಾದರೂ ಸಿಗುತ್ತದೆ. ಕನಿಷ್ಠ ಒಂದು ಹೊಸ ವಾಸನೆ. ನಮ್ಮ ಗುಂಡಿ ಒತ್ತಿದರೆ? ಒಂದು ವಾರ ಲೆಕ್ಕ ಬರೆದಿಟ್ಟು ನೋಡಿ. ವಾಕಿಂಗ್ ಮುಗಿಸಲು ಕರೆದದ್ದು, ಸ್ನಾನಕ್ಕೆ ಕರೆದದ್ದು, ಉಣ್ಣೆ ಹುಳ ತೆಗೆಯಲು ಕರೆದದ್ದು, ಗೆಳೆಯ ನಾಯಿಯಿಂದ ಬಿಡಿಸಲು ಕರೆದದ್ದು, ಆಫೀಸಿಗೆ ಹೊರಡುವ ಮೊದಲು ಕೋಣೆಯಲ್ಲಿ ಕೂಡಿಹಾಕಲು ಕರೆದದ್ದು. ಬಹುತೇಕ ಮನೆಗಳಲ್ಲಿ ‘ಬಾ’ ಎನ್ನುವುದು ಸಂತೋಷ ಮುಗಿಯಿತು ಎಂಬ ಪ್ರಕಟಣೆ. ಹಾಗೆ ಕೇಳಿಸಿಕೊಂಡ ನಾಯಿ ಬಾರದೆ ನಿಂತರೆ ಅದು ದಡ್ಡತನವಾಗಲಿ ಸೊಕ್ಕಾಗಲಿ ಅಲ್ಲ. ಅದು ನಮ್ಮ ಮಾತನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದೆ. ಇನ್ನೊಂದು ತಪ್ಪು, ಏಳೆಂಟು ಸಲ ಕೂಗುವುದು. ಆರನೇ ಕೂಗಿಗೆ ಬಂದರೂ ಪರವಾಗಿಲ್ಲ ಎಂಬ ಪಾಠವನ್ನು ಹಾಗೆ ನಾವೇ ಕಲಿಸುತ್ತೇವೆ.

ಇಲ್ಲಿ ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ, ಅದು ತಳ್ಳಿಹಾಕುವಂಥದ್ದಲ್ಲ. ನಮ್ಮ ಹಳೇ ಮನೆಗಳ ನಾಯಿಗಳಿಗೆ ಯಾವ ಟ್ರೇನರ್ ಬಂದಿದ್ದ? ಕರೆದರೆ ಬರುತ್ತಿರಲಿಲ್ಲವೇ? ಇದೆಲ್ಲ ತಿಂಡಿ ತೋರಿಸಿ ಮಾಡುವ ಲಂಚದ ವ್ಯವಹಾರ ಎನ್ನುತ್ತಾರೆ. ಬರುತ್ತಿದ್ದವು, ನಿಜ. ಯಾವಾಗ ಕರೆಯುತ್ತಿದ್ದರು ಎಂದು ನೆನಪಿಸಿಕೊಳ್ಳಲಿ. ಮನೆಯವರ ಊಟವಾದ ಮೇಲೆ, ಉಳಿದ ಅನ್ನಕ್ಕೆ ಹುಳಿಯೋ ಮಜ್ಜಿಗೆಯೋ ಕಲಸಿ, ಹಿತ್ತಿಲ ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ದಿನಕ್ಕೆರಡು ಸಲ, ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ, ಅದೇ ದನಿ, ಅದೇ ಬಾಗಿಲು, ಕರೆದಾಗಲೆಲ್ಲ ಅನ್ನ. ಇದಕ್ಕಿಂತ ಅಚ್ಚುಕಟ್ಟಾದ ತರಬೇತಿಯನ್ನು ಯಾವ ಶಾಲೆಯೂ ಕೊಡಲಾರದು. ಅವರಿಗೆ ಅದು ತರಬೇತಿ ಎಂದು ಗೊತ್ತಿರಲಿಲ್ಲ, ಅಷ್ಟೆ. ಇನ್ನು ಲಂಚದ ಮಾತು. ಕೆಲಸಕ್ಕೆ ಮೊದಲು ತೋರಿಸುವುದು ಲಂಚ, ಕೆಲಸವಾದ ಮೇಲೆ ಕೊಡುವುದು ಸಂಬಳ. ಬಿಸ್ಕತ್ತಿನ ಪೊಟ್ಟಣ ಅಲ್ಲಾಡಿಸಿ ಕರೆದರೆ ಅದು ಲಂಚವೇ, ಆಕ್ಷೇಪ ಅಷ್ಟರಮಟ್ಟಿಗೆ ಸರಿ: ಪೊಟ್ಟಣ ಕಾಣದ ದಿನ ನಾಯಿ ಬರುವುದಿಲ್ಲ. ಕೈ ಖಾಲಿಯಿದ್ದು, ನಾಯಿ ಬಂದು ಮುಟ್ಟಿದ ಮೇಲೆ ಜೇಬಿನಿಂದ ತುಣುಕು ಹೊರಬಂದರೆ ಅದು ದುಡಿಮೆಗೆ ಸಂದ ಕೂಲಿ. ವಿಧೇಯತೆಗೆ ಕೂಲಿ ಕೇಳಬಾರದು ಎನ್ನುವವರು ತಾವು ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜು ಕಾಯುವುದಿಲ್ಲವೇ?

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪ್ರೀತಿಯಿಂದ ಎಲ್ಲ ಆಗುವುದಿಲ್ಲ, ರಸ್ತೆಯಲ್ಲಿ ಬಸ್ಸು ಬರುವಾಗ ತಿಂಡಿಯ ತುಣುಕು ಸೋಲುತ್ತದೆ, ಎರಡೇಟು ಹಾಕಿದರೆ ಬುದ್ಧಿ ಬರುತ್ತದೆ ಎಂಬುದು. ಏಟಿಗೆ ಉತ್ತರ ಸುಲಭ. ಓಡಿಹೋದ ನಾಯಿ ಹತ್ತು ನಿಮಿಷದ ನಂತರ ಬಂದಾಗ ಬೀಳುವ ಏಟು, ಅದರ ಲೆಕ್ಕದಲ್ಲಿ ಬಂದದ್ದಕ್ಕೆ ಬಿದ್ದ ಏಟು. ಓಡಿಹೋದದ್ದರ ಖುಷಿ ಆಗಲೇ ಜಮೆಯಾಗಿರುತ್ತದೆ. ಕಷ್ಟದ ಪ್ರಶ್ನೆ ರಿಮೋಟಿನಿಂದ ಕರೆಂಟು ಹೊಡೆಸುವ ಕತ್ತುಪಟ್ಟಿಯದ್ದು, ಏಕೆಂದರೆ ಅದರ ಹೊಡೆತ ಸರಿಯಾದ ಕ್ಷಣದಲ್ಲೇ ಬೀಳಬಲ್ಲದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಕರೆದರೆ ಬಾರದ, ಬೆನ್ನಟ್ಟಿ ಓಡುವ ಚಾಳಿಯಿದ್ದ 63 ನಾಯಿಗಳನ್ನು ಮೂರು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ, ಕೇವಲ ಬಹುಮಾನದಿಂದ ಕಲಿತ ಗುಂಪು ಮೊದಲ ಕರೆಗೇ ಸ್ಪಂದಿಸುವುದರಲ್ಲಿ ಮುಂದಿತ್ತು. ಕರೆಂಟಿನ ಪಟ್ಟಿಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅದೇ ವರ್ಷ ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಗಮನಿಸಿದ ಇನ್ನೊಂದು ಅಧ್ಯಯನ, ಗದರಿಸಿ ನೋಯಿಸಿ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ ಕಾರ್ಟಿಸಾಲ್ ಏರಿಕೆಯೂ ಹೆಚ್ಚೆಂದು ಕಂಡಿತು. ವೇಲ್ಸ್ 2010ರಲ್ಲೇ ಈ ಪಟ್ಟಿಯನ್ನು ನಿಷೇಧಿಸಿದೆ. ಆದರೆ ನನ್ನ ವಾದಕ್ಕೆ ಒಗ್ಗದ ಒಂದು ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಅರಿಜೋನಾದಲ್ಲಿ 2024ರಲ್ಲಿ 19 ನಾಯಿಗಳ ಮುಂದೆ ವೇಗವಾಗಿ ಓಡುವ ಆಟಿಕೆಯನ್ನು ಬಿಟ್ಟು ನೋಡಿದಾಗ, ಕರೆಂಟಿನ ಪಟ್ಟಿಯವು ಒಂದೆರಡು ಪಾಠಗಳಲ್ಲೇ ಬೆನ್ನಟ್ಟುವುದನ್ನು ಬಿಟ್ಟವು. ತಿಂಡಿಯಿಂದ ಕಲಿತವು ಬಿಡಲಿಲ್ಲ. ಪಟ್ಟಿಯವು ನೋವಿಗೆ ಕಿರುಚಿದ್ದೂ ಅದೇ ಬರಹದಲ್ಲಿ ದಾಖಲಾಗಿದೆ. ನಾನು ಇದನ್ನು ಹೀಗೆ ಓದುತ್ತೇನೆ. ನೋವು ಓಟವನ್ನು ಬೇಗ ನಿಲ್ಲಿಸಬಲ್ಲದು, ಅದರಲ್ಲಿ ಅನುಮಾನವಿಲ್ಲ. ಆದರೆ ಬೆನ್ನಟ್ಟುವುದನ್ನು ನಿಲ್ಲಿಸುವುದು ಒಂದು, ತಿರುಗಿ ನಮ್ಮ ಬಳಿಗೆ ಬರುವುದು ಇನ್ನೊಂದು. ಕೆಲವೇ ದಿನಗಳ ತಿಂಡಿಯ ಪಾಠ ಪೂರ್ಣ ವೇಗದ ಬೇಟೆಯ ಎದುರು ಸೋಲುವುದು ಆಶ್ಚರ್ಯವೂ ಅಲ್ಲ. ಮೆಟ್ಟಿಲು ಹತ್ತಿಸದೆ ಮಹಡಿಗೆ ಎಸೆದ ಹಾಗೆ. ಅಲ್ಲದೆ ಮಲ್ಲೇಶ್ವರದ ಫುಟ್‌ಪಾತಿನಲ್ಲಿ ಆ ಹೊಡೆತ ಬೀಳುವ ಕ್ಷಣದಲ್ಲಿ ನಾಯಿಯ ಕಣ್ಣೆದುರು ಇರುವುದು ಸ್ಕೂಲ್ ಬ್ಯಾಗಿನ ಮಗುವೋ ಪಕ್ಕದ ಬೀದಿಯ ನಾಯಿಯೋ ಆಗಿದ್ದರೆ, ನೋವಿಗೆ ಕಾರಣ ಅದೇ ಎಂದು ನಾಯಿ ತಿಳಿದರೆ, ಮುಂದಿನ ಪರಿಣಾಮ ಬರೀ ಬಾರದಿರುವುದಕ್ಕಿಂತ ಕೆಟ್ಟದ್ದು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಹಳಸಿದ ಮಾತನ್ನು ದುರಸ್ತಿ ಮಾಡುವುದಕ್ಕಿಂತ ಹೊಸ ಮಾತನ್ನು ಹುಟ್ಟಿಸುವುದು ಸುಲಭ. ಮನೆಯಲ್ಲಿ ಬೇರೆ ಯಾವುದಕ್ಕೂ ಬಳಸದ ಒಂದು ಶಬ್ದ ಬೇಕು. ‘ಓಡಿ ಬಾ’ ಆಗಬಹುದು, ‘ಹಪ್ಪಳ’ ಎಂದರೂ ನಡೆಯುತ್ತದೆ. ಮನೆಮಂದಿ ಎಲ್ಲರೂ ಅದನ್ನೇ ಹೇಳಬೇಕು. ದನಿಯ ಬಗ್ಗೆಯೂ ಒಂದು ಮಾತು. ಪ್ಯಾಟ್ರಿಷಿಯಾ ಮೆಕಾನೆಲ್ ಎಂಬ ಪ್ರಾಣಿವರ್ತನೆಯ ವಿಜ್ಞಾನಿ 1990ರಲ್ಲಿ ತೋರಿಸಿದ ಹಾಗೆ, ಚಿಕ್ಕ ಚಿಕ್ಕ ಸದ್ದುಗಳು ಒಂದರ ಹಿಂದೊಂದು ಬೇಗ ಬೇಗ ಬಂದರೆ ನಾಯಿಮರಿ ಚುರುಕಾಗುತ್ತದೆ. ಒಂದೇ ಉದ್ದ ಸದ್ದಿಗೆ ಅಷ್ಟು ಪರಿಣಾಮವಿಲ್ಲ. ಕೋಳಿ ಕರೆಯುವಾಗಿನ ನಮ್ಮ ಹಳ್ಳಿಯ ‘ಬಾಬಾಬಾ’ ಈ ಲೆಕ್ಕದಲ್ಲಿ ಪಾಸು. ಬಾಲ್ಕನಿಯಿಂದ ರಾಗ ಎಳೆದು ‘ಬಾರೋ…’ ಎನ್ನುವುದು ಫೇಲು. ಒಂದೇ ಉಸಿರಿನಲ್ಲಿ ಮೂರು ‘ಬಾ’ ಒಂದು ಕರೆ. ನಿಂತು ನಿಂತು ಕೂಗಿದ ಮೂರು ‘ಬಾ’ ಮೂರು ಸೋಲು. ಇನ್ನು ಕೂಲಿ ಏನು? ಮಲ್ಲೇಶ್ವರದ ಅನೇಕ ಅಡುಗೆಮನೆಗಳಿಗೆ ಕೋಳಿ ಮೊಟ್ಟೆಗಳ ಪ್ರವೇಶವಿಲ್ಲ, ಇರಲಿ. ಪನೀರಿನ ಚೂರು, ಗಿಣ್ಣು, ಉಪ್ಪಿಲ್ಲದೆ ಬೇಯಿಸಿದ ಕಡಲೆಕಾಯಿ ಯಾವ ಪೊಟ್ಟಣದ ಬಿಸ್ಕತ್ತಿಗಿಂತಲೂ ಭಾರವಾದ ನಾಣ್ಯಗಳು. ಪಾಯಸದ ದ್ರಾಕ್ಷಿ ಮಾತ್ರ ಬೇಡ. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ತುಣುಕು ಕಡಲೆಕಾಳಿನಷ್ಟಿದ್ದರೆ ಸಾಕು, ಆದರೆ ನಾಯಿ ಬಂದ ಆ ಕ್ಷಣದಲ್ಲೇ ಬಾಯಿಗೆ ಬೀಳಬೇಕು. ಮೊದಲು ಒಂದು ಕೋಣೆಯಿಂದ ಇನ್ನೊಂದಕ್ಕೆ, ಆಮೇಲೆ ಟೆರೇಸು, ಆಮೇಲೆ ಪಾರ್ಕಿಂಗ್ ಜಾಗ, ಆಮೇಲೆ ಬೆಳಗಿನ ಐದೂವರೆಯ ಖಾಲಿ ಕ್ರಾಸು. ಹತ್ತು ಮೀಟರಿನ ಉದ್ದ ಹಗ್ಗ ಉದ್ದಕ್ಕೂ ಇರಲಿ. ಹಗ್ಗ ಎಳೆಯುವುದಕ್ಕಲ್ಲ, ಬೀದಿಯ ಗುಂಡಿಯಿಂದ ಪುಕ್ಕಟೆ ಕಾಳು ಸಿಗದಂತೆ ತಡೆಯುವುದಕ್ಕೆ. ಹತ್ತರಲ್ಲಿ ಒಂಬತ್ತು ಸಲ ಬರುತ್ತದೆ ಎಂದು ಪಣ ಕಟ್ಟುವ ಧೈರ್ಯ ನಿಮಗೆ ಇಲ್ಲದಿದ್ದರೆ ಆ ಜಾಗದಲ್ಲಿ ಇನ್ನೂ ಕರೆಯಬೇಡಿ. ಸುಮ್ಮನೆ ಹತ್ತಿರ ಹೋಗಿ ಹಗ್ಗ ಹಿಡಿದುಕೊಳ್ಳಿ; ಮಾತು ಹಾಳಾಗದೆ ಉಳಿಯುತ್ತದೆ.

ತಿಂಡಿಗಿಂತ ದೊಡ್ಡ ಕೂಲಿ ಇನ್ನೊಂದಿದೆ. ಈ ಇಡೀ ವಿದ್ಯೆಯ ತಿರುಳು ಅಲ್ಲಿದೆ ಎಂದು ನನ್ನ ನಂಬಿಕೆ. ಅಮೆರಿಕದ ಡೇವಿಡ್ ಪ್ರೇಮ್ಯಾಕ್ 1959ರಲ್ಲಿ ಒಂದನೇ ತರಗತಿಯ ಮಕ್ಕಳ ಮುಂದೆ ಮಿಠಾಯಿಯನ್ನೂ ಪಿನ್‌ಬಾಲ್ ಆಟದ ಯಂತ್ರವನ್ನೂ ಇಟ್ಟರು. ಆಟವೇ ಇಷ್ಟವಾದ ಮಕ್ಕಳು, ಮಿಠಾಯಿ ತಿಂದರೆ ಆಟ ಎಂಬ ನಿಯಮ ಮಾಡಿದಾಗ, ಆಟದ ಆಸೆಗೆ ಹೆಚ್ಚು ಮಿಠಾಯಿ ತಿಂದರು. ಹೆಚ್ಚು ಇಷ್ಟದ ಕೆಲಸ, ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಬಲ್ಲದು ಎಂಬ ಈ ಸೂತ್ರವನ್ನು ನಮ್ಮ ಅಮ್ಮಂದಿರು ‘ಹೋಂವರ್ಕ್ ಮುಗಿಸು, ಆಮೇಲೆ ಆಟ’ ಎಂದು ಬಹಳ ಹಿಂದೆಯೇ ಕಂಡುಕೊಂಡಿದ್ದರು. ನಾಯಿಗೆ ಇದನ್ನು ಅನ್ವಯಿಸಿ. ಅದು ಸಂಪಿಗೆ ಮರದ ಬುಡ ಮೂಸುತ್ತಿದೆ. ಕರೆಯಿರಿ, ಬಂತೇ, ಒಂದು ತುಣುಕು ಕೊಟ್ಟು, ‘ಹೋಗು’ ಎಂದು ಅದೇ ಮರದ ಬುಡಕ್ಕೆ ಕಳಿಸಿ. ಮತ್ತೆ ಕರೆಯಿರಿ, ಮತ್ತೆ ಕಳಿಸಿ. ಹತ್ತು ಕರೆಗಳಲ್ಲಿ ಒಂಬತ್ತು ಹೀಗೆ ಬಿಡುಗಡೆಯಲ್ಲಿ ಮುಗಿಯಲಿ. ಹತ್ತನೆಯದು ಮಾತ್ರ ಮನೆಗೆ. ಆಗ ಕರೆ ಆಟದ ಕೊನೆಯ ಗಂಟೆಯಾಗುವುದಿಲ್ಲ, ನಡುವಿನ ವಿರಾಮವಾಗುತ್ತದೆ. ಮರದ ವಾಸನೆ ನಮ್ಮ ಎದುರಾಳಿಯಾಗಿದ್ದದ್ದು ನಮ್ಮ ಜೇಬಿನ ನಾಣ್ಯವಾಗುತ್ತದೆ. ಬೀದಿಯೊಂದಿಗೆ ಪೈಪೋಟಿಗೆ ಬಿದ್ದು ಗೆದ್ದವರು ಯಾರೂ ಇಲ್ಲ. ಬೀದಿಯನ್ನೇ ಕೂಲಿಯಾಗಿ ಹಂಚುವ ಅಧಿಕಾರ ಕೈಗೆ ಬಂದರೆ ಪೈಪೋಟಿಯೇ ಇರುವುದಿಲ್ಲ. ಬೀದಿಯ ತುಂಬ ಆಕರ್ಷಣೆಗಳಿರುವ ಮಲ್ಲೇಶ್ವರಂ ಈ ದೃಷ್ಟಿಯಿಂದ ಬಡ ಊರಲ್ಲ, ಶ್ರೀಮಂತ ಊರು.

ನಾಯಿ ನಾಯಿಗೂ ವ್ಯತ್ಯಾಸವಿದೆ, ಅದನ್ನು ಮರೆತು ಮಾತಾಡಿದರೆ ವಾದ ಸುಳ್ಳಾಗುತ್ತದೆ. ನಮ್ಮದೇ ಮುಧೋಳದ ನಾಯಿಯನ್ನು ತೆಗೆದುಕೊಳ್ಳಿ: 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಆಮೇಲೆ ಸೇನೆಯೂ ಪರೀಕ್ಷೆಗೆ ಒಯ್ದ ತಳಿ. ಬಾಗಲಕೋಟೆಯ ಬಯಲಿನಲ್ಲಿ ದೂರದ ಮೊಲದ ಅಲುಗಾಟ ಕಂಡು ನುಗ್ಗಲೆಂದೇ ಅದರ ಕಣ್ಣು ಕಾಲುಗಳು ರೂಪುಗೊಂಡಿವೆ. ಒಮ್ಮೆ ಓಟ ಹಿಡಿದ ಮೇಲೆ ಅದನ್ನು ಕರೆಯುವುದು ಬಿಟ್ಟ ಬಾಣವನ್ನು ಕರೆದಂತೆ. ಓಡುವ ಮೊದಲು, ಕಿವಿ ನಿಮಿರಿದ ಆ ಅರೆಕ್ಷಣದಲ್ಲಿ ಕರೆಯುವುದನ್ನು ಕಲಿಯಬೇಕು. ಬೀಗಲ್ ಮೂಗಿನ ಗುಲಾಮ. ಲ್ಯಾಬ್ರಡಾರ್ ಹೊಟ್ಟೆಯ ಗುಲಾಮ, ಆದ್ದರಿಂದಲೇ ಅದಕ್ಕೆ ಒಳ್ಳೆಯ ಹೆಸರು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿಗಳು ಎಂಟು ತಿಂಗಳ ಸುಮಾರಿಗೆ ಸಾಕಿದವರ ಮಾತನ್ನೇ ಕಡೆಗಣಿಸಿದವು, ಅಪರಿಚಿತರ ಮಾತನ್ನು ಕೇಳಿದವು. ಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅದು ಕಳೆಯುತ್ತದೆ, ಆ ತಿಂಗಳುಗಳಲ್ಲಿ ಹಗ್ಗ ಗಟ್ಟಿಯಿರಲಿ.

ಕೊನೆಯ ಆಕ್ಷೇಪ ನಾಯಿ ಸಾಕದವರದ್ದು. ಇಷ್ಟೆಲ್ಲ ಏಕೆ? ಬೆಲ್ಟು ಹಾಕಿ ಹಿಡಿದುಕೊಳ್ಳಿ, ಮುಗಿಯಿತು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಕರೆದರೆ ಬರುವ ನಾಯಿಯನ್ನೂ ಮಲ್ಲೇಶ್ವರದ ರಸ್ತೆಯಲ್ಲಿ ಬಿಚ್ಚಿ ಬಿಡಬಾರದು. ಎದುರಿನಿಂದ ಬರುವ ಅಜ್ಜನಿಗೆ ನಿಮ್ಮ ನಾಯಿಯ ಸಾಧುಸ್ವಭಾವ ಗೊತ್ತಿಲ್ಲ. ಬೀದಿನಾಯಿ ಕಚ್ಚಿದ ಸುದ್ದಿ ಮಾತ್ರ ಗೊತ್ತು. ಕಾನೂನೂ ಅವರ ಪರವಾಗಿದೆ: ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಿಚ್ಚಿಬಿಟ್ಟ ನಾಯಿಗಳ ಮೇಲಿನ ದೂರುಗಳೂ ಸೇರಿ ತೋಟಗಾರಿಕೆ ಇಲಾಖೆ 2022ರಲ್ಲಿ ಕಬ್ಬನ್ ಉದ್ಯಾನಕ್ಕೆ ಸಾಕುನಾಯಿಗಳನ್ನೇ ನಿಷೇಧಿಸಲು ಹೊರಟಿತ್ತು. ವಿರೋಧ ಎದ್ದ ಮೇಲೆ ಅದು ಜಾರಿಯಾಗಲಿಲ್ಲ. ಕೆಲವರ ಬೇಜವಾಬ್ದಾರಿಗೆ ಎಲ್ಲರ ಬಾಗಿಲು ಮುಚ್ಚುವ ಹಂತಕ್ಕೆ ಬರುವುದು ಹೀಗೆಯೇ. ಆದರೆ ಬೆಲ್ಟು ಕೈಯಲ್ಲಿ ಇರುವಷ್ಟು ಹೊತ್ತು ಮಾತ್ರ ಬೆಲ್ಟು. ಕೊರಿಯರಿನವನು ಗೇಟು ತೆರೆದಿಟ್ಟು ಹೋಗುತ್ತಾನೆ. ಲಿಫ್ಟಿನ ಬಾಗಿಲು ಹಗ್ಗವನ್ನು ಕಚ್ಚುತ್ತದೆ. ದೀಪಾವಳಿಯ ರಾತ್ರಿ ಪಕ್ಕದ ಕ್ರಾಸಿನಲ್ಲಿ ಆಟಂಬಾಂಬು ಸಿಡಿದಾಗ ಹೆದರಿದ ನಾಯಿಯ ತಲೆ ಪಟ್ಟಿಯಿಂದ ಜಾರುತ್ತದೆ, ಅದು ಮಾರ್ಗೋಸಾ ರಸ್ತೆಯ ಕಡೆಗೆ ಓಡುತ್ತದೆ. ಆ ಎಂಟು ಹತ್ತು ಸೆಕೆಂಡಿಗಾಗಿ ವರ್ಷವಿಡೀ ಕಟ್ಟುವ ವಿಮೆ ಇದು. ವಿಮೆ ಇದೆಯೆಂದು ಯಾರೂ ಬ್ರೇಕಿಲ್ಲದ ಗಾಡಿ ಓಡಿಸುವುದಿಲ್ಲ.

ಪಾಲಿಕೆಗೂ ಒಂದು ಕೋರಿಕೆ. ಮಲ್ಲೇಶ್ವರದಂಥ ಹಳೆಯ ಬಡಾವಣೆಯಲ್ಲಿ ಆಟದ ಮೈದಾನದ ಒಂದು ಮೂಲೆಗೆ ಬೇಲಿ ಹಾಕಿ, ದಿನಕ್ಕೆ ಎರಡು ಗಂಟೆ ನಾಯಿಗಳ ಅಭ್ಯಾಸಕ್ಕೆ ಬಿಟ್ಟುಕೊಡಲು ದೊಡ್ಡ ಯೋಜನೆಯೇನೂ ಬೇಕಿಲ್ಲ; ಹಗ್ಗವಿಲ್ಲದೆ ಕರೆದು ನೋಡಲು ಬೇಲಿಯೊಳಗಿನ ಜಾಗವೇ ಬೇಕು. ಸಾಕಿದವರಿಗೆ ಹೇಳುವುದು ಅದಕ್ಕಿಂತ ಸಣ್ಣದು, ಮಾಡಲು ಅದಕ್ಕಿಂತ ಕಷ್ಟದ್ದು. ಗೇಟು ತೆರೆದಿದ್ದ ದಿನ ನಿಮ್ಮ ನಾಯಿ ಓಡಿಹೋಗಿ, ನೀವು ಮೂರು ಕ್ರಾಸು ಸುತ್ತಿ, ಗಂಟಲು ಕಟ್ಟಿ, ಮರ್ಯಾದೆ ಹೋಗಿ, ಅರ್ಧ ಗಂಟೆಯ ಮೇಲೆ ಅದು ಕೆಸರು ಮೆತ್ತಿಕೊಂಡು ತಾನಾಗಿ ಬಂದು ಎದುರು ನಿಂತಾಗ, ಬೈಯಬೇಡಿ. ಜೇಬಿನಲ್ಲಿ ಏನಿದೆಯೋ ಅದನ್ನು ಕೊಡಿ.